ಇನ್ನೂ ಮುರಿಯದವು

ಮೂರು ದರಪಟ್ಟಿ ಬಂದಿವೆ, ಮೂರಕ್ಕೂ ಮೊಹರು.
ಒಂದು ಜರ್ಮನಿಯದು, ಒಂದು ಚೀನಾದ್ದು,
ಇನ್ನೊಂದು ನೈರೋಬಿಯ ದಲ್ಲಾಳಿಯದು. ಮಾಲು ಯಾವೂರಿನದೆಂದು ಅವನು ಹೇಳುವುದಿಲ್ಲ,
ಶೇಕಡಾ ಹನ್ನೆರಡು ಸೋಡಿ ಎನ್ನುತ್ತಾನೆ, ಅಷ್ಟೇ.

ಪೆರೆಸ್ ಅವೂರ್, ಖರೀದಿ ವಿಭಾಗ, ಕಿಸುಮು,
ಕನ್ನಡಕ ಒರೆಸಿಕೊಂಡು ಸಾಲೆಳೆಯುತ್ತಾಳೆ:
ತೊಡೆಯೆಲುಬಿನ ಸರಳು. ಕಣಕಾಲಿನ ತಗಡು.
ಮೂರೂವರೆ ಮಿಲಿಮೀಟರಿನ ತಿರುಪು, ಡಜನ್ನಿಗಿಷ್ಟು.
ಮೂಳೆ ಕೊರೆಯುವ ಡ್ರಿಲ್ಲು, ಒಂದೇ ಒಂದು.
ಅದರ ಮುಂದಿನ ಮೊತ್ತ ನೋಡಿ
ಪೆನ್ನು ತಾನಾಗಿಯೇ ನಿಂತಿತು.

ಹೋದ ವರ್ಷ ಡಾಕ್ಟರ್ ಒಗ್ವೆನೊ
ಬಡಗಿ ಅಂಗಡಿಯ ಡ್ರಿಲ್ಲು ತಂದು
ಕುದಿಸಿದ ಬಟ್ಟೆಯ ಚೀಲ ತೊಡಿಸಿ ಕೆಲಸ ನಡೆಸಿದರು.
"ಮೂಳೆಗೇನು ಗೊತ್ತು ಬೆಲೆ?" ಎಂದು ನಕ್ಕರು.
ನಗು ಮುಗಿದ ಮೇಲೆ, ಮೆಲ್ಲಗೆ:
"ಬ್ಯಾಟರಿಗೆ ಗೊತ್ತು. ನಡುವೆ ನಿಂತುಬಿಡುತ್ತೆ."

ಆನೆ ಕೊಂಡು ಅಂಕುಶಕ್ಕೆ ಚೌಕಾಸಿ ಮಾಡಿದ ಕಥೆ
ಉಗ್ರಾಣದಲ್ಲೇ ಇದೆ: ದಾನ ಬಂದ ಎಕ್ಸ್‌ರೇ ಯಂತ್ರ,
ಕೊಳವೆ ಸುಟ್ಟು ಮೂರು ವರ್ಷ,
ಮೇಲೆ ಯಾರೋ ಒಣಗಲು ಹಾಕಿದ ಕೈಗವಸು.
ಅದಕ್ಕೇ ಈಗ ಬೆಲೆಯ ಬಾಲ ಹಿಡಿದೇ ಹೋಗುತ್ತಾಳೆ ಇವಳು.
ಮೊಂಬಾಸಾ ಬಂದರಿನ ಸುಂಕ, ಲಾರಿ ಬಾಡಿಗೆ,
ಸವೆಯುವ ಕೊರೆಮೊನೆ,
ರಿಪೇರಿಗೆ ಬರುವವನ ಊಟ, ವಸತಿ, ಸಿಟ್ಟು.

ಇದೆಲ್ಲ ಕೂಡಿದರೆ ಕೂಡುತ್ತದೆ.
ಕೂಡದಿರುವುದು ಪಕ್ಕದ ಕಾಲಂ: ಎಷ್ಟು ಬೇಕು?

ದಾಖಲೆ ಪುಸ್ತಕ ತಿರುವುತ್ತಾಳೆ.
ಶುಕ್ರವಾರ ಏಳು. ಮೀನುಸಂತೆಯ ಮರುದಿನ ನಾಲ್ಕು.
ಡಿಸೆಂಬರ್ ರಜೆ, ಮಾವಿನಮರದಿಂದ ಬಿದ್ದವರೇ ಹನ್ನೊಂದು,
ಮುಂಗೈ, ಬಹುತೇಕ ಎಡಗೈ.
ಉಳಿದದ್ದೆಲ್ಲ ಬೋಡಾ ಬೋಡಾ ಬೈಕು, ಬೋಡಾ ಬೋಡಾ.
ಬರೆದೂ ಬರೆದೂ ಬೇಸತ್ತ ನರ್ಸು
ಕೊನೆಯ ಪುಟಗಳಲ್ಲಿ ಬರೀ 'ಬೋ' ಎಂದಿದ್ದಾಳೆ.

ತೊಡೆಯೆಲುಬು: ನಲವತ್ತು.
ಬರೆದು, ಕಿಟಕಿಯಾಚೆ ನೋಡಿದಳು.
ಆ ನಲವತ್ತೂ ಈಗ ನಡೆದಾಡುತ್ತಿವೆ.
ಒಂದು, ಗೇಟಿನ ಬಳಿ ಕುಕ್ಕರಗಾಲಲ್ಲಿ ಜೋಳದ ತೆನೆ ಸುಡುತ್ತಿದೆ.
ಒಂದು, ಕಾಲಮೇಲೆ ಕಾಲು ಹಾಕಿ ಚಹಾ ಕುಡಿಯುತ್ತಿದೆ.
ಒಂದಕ್ಕೆ ಇನ್ನೂ ಹದಿನಾರು, ಬೆಳೆಯುತ್ತಲೇ ಇದೆ,
ಅದಕ್ಕೆ ಯಾವ ಅಳತೆ ಬರೆಯಲಿ?
ಮೂವತ್ತೆಂಟು ಸೆಂಟಿಮೀಟರು ಸಾಕೆ,
ಅಷ್ಟರಲ್ಲಿ ನಲವತ್ತಾದೀತೆ?

ಹತ್ತು ಸೇರಿಸಿದರೆ ಯಾಕೆಂದು ಕೇಳಲು ಆಡಿಟರ್ ಇದ್ದಾನೆ.
ಹತ್ತು ಕಳೆದರೆ, ಕೇಳಬೇಕಾದವರು
ಕೇಳುವ ಸ್ಥಿತಿಯಲ್ಲಿರುವುದಿಲ್ಲ.

ಐದೂವರೆ. ಫೈಲು ಕಟ್ಟಿ ಹೊರಬಂದರೆ
ಬೈಕಿನ ಹುಡುಗ. ಹೆಲ್ಮೆಟ್ಟು ಹ್ಯಾಂಡಲ್ಲಿಗೆ ನೇತಾಡುತ್ತಿದೆ,
ಅದರ ತುಂಬ ಟೊಮೇಟೊ.
"ಕೊಂಡೆಲೆಗೆ ನೂರು, ಅಮ್ಮಾ."
ಎಂಬತ್ತು ಅಂತಾಳೆಂದು ಅವನು ಕಾದ.

ಅವಳು ಅವನ ಮೊಣಕಾಲು ನೋಡಿದಳು,
ಅಲ್ಲಿಂದ ಮೇಲಕ್ಕೆ, ಸೊಂಟದ ತನಕ.
ನಲವತ್ತೇ ಬೇಕಾದೀತು.

"ನೂರೈವತ್ತು ಕೊಡುತ್ತೇನೆ," ಅಂದಳು.
"ಟೊಮೇಟೊ ನನ್ನ ಮಡಿಲಿಗೆ ಸುರಿ.
ನಿಧಾನ ಹೋಗು."