ಎಂಟು ಗುಂಡಿಯ ಹಳದಿ ಇಟ್ಟಂಗಿ

ಅಕ್ಕಲಕೋಟೆ ಪೋಸ್ಟಿನಾಗ ನನ್ನ ಹೆಸರು ಯಾರಿಗೂ ಗೊತ್ತಿಲ್ಲ.
ಖುಳಖುಳಾ ಬಾಯಿ ಬಂದಳು, ಅಂತಾರ.
ನಾ ತರೂ ಪಾರ್ಸಲ್ ಅಲ್ಲಾಡಿಸಿದರ ಸಪ್ಪಳ ಬರತೈತಿ, ಅದಕ್ಕ.
ಒಳಗೇನು ಬಾಯಿ, ಹುಣಸಿ ಬೀಜೇನು?
ಇಟ್ಟಂಗಿ, ಅಂತೀನಿ.
ತಕ್ಕಡಿಯಾಂವ ಮುಖ ನೋಡತಾನ:
ಇನ್ನೂರಾ ನಲವತ್ತು ಗ್ರಾಮಿನಾಗ
ಯಾರ ಮನಿ ಕಟ್ಟತಾಳ ಇಕಿ?

ನಾ ಜಂಪರ ಹೊಲಿಯಾಕಿ.
ಸೊಲ್ಲಾಪುರದ ಭಂಗಾರದಾಗ ಹಳೀ ಗುಂಡಿ ಹುಡುಕೂಮುಂದ
ಚೀಲದ ತಳಕ್ಕ ಸಿಕ್ಕವು, ಕಿಲೋಕ್ಕ ಎಂಬತ್ತು ರೂಪಾಯಿ,
ಕೆಂಪು, ನೀಲಿ, ಹಳದಿ, ಪ್ಲಾಸ್ಟಿಕ್ಕಿನವು,
ಮ್ಯಾಲೆ ಗುಂಡಿ, ಕೆಳಗ ಕಾಜಾ.
ಒತ್ತಿದರ ಟಿಚ್ ಅಂತ ಕೂಡತಾವ,
ಕಿತ್ತರ ದಾರ ಉಳಿಯೂದಿಲ್ಲ, ತೂತೂ ಕಾಣೂದಿಲ್ಲ.
ಮೂವತ್ತು ವರ್ಷ ಹೊಲದು ಬಿಚ್ಚಿದಾಕಿಗೆ
ಇದು ಮೋಸಾನೋ ಮಾಯಾನೋ ತಿಳೀಲಿಲ್ಲ.
ಹುಚ್ಚು ಹಿಡೀತು.

ಹುಚ್ಚರು ಬ್ಯಾರೆ ಕಡೆನೂ ಇದ್ದರು.
ಹೊಸೂರಿನ ತಿಮ್ಮರಾಯಪ್ಪ, ಕಾರ್ಖಾನಿಯಾಗ ಡೈ ಉಜ್ಜಾಂವ.
ಮಂಜೇಶ್ವರದ ನರ್ಸಬಾಯಿ ಸಿಸಿಲಿಯಾ ಕ್ರಾಸ್ತಾ,
ಬರೇ ಬಿಳೀದು ಕೇಳತಾಳ,
ಆಸ್ಪತ್ರಿ ಬಿಟ್ಟು ಬ್ಯಾರೆ ಕಟ್ಟಾಕ ಬರೂದಿಲ್ಲ ಅಕಿಗೆ.
ಗಡಹಿಂಗ್ಲಜದ ಸಾಖರಿ ಕಾರ್ಖಾನಿಯ ಕೆಮಿಸ್ಟ್ ಒಬ್ಬಾಂವ.
ಆದವಾನಿಯ ಉರುಕುಂದಪ್ಪ, ಅರಳಿ ಪ್ರೆಸ್ಸಿನ ಗುಮಾಸ್ತ.
ಅವರವರ ಬಸ್ಸಿನ ಬೋರ್ಡು ಅವರವರಿಗೆ,
ಇಟ್ಟಂಗಿ ಜೊತಿ ಬರೂ ಚೀಟಿ ಮಾತ್ರ ಕನ್ನಡದಾಗ.

ನೇಮ ನಾನ ಬರದೆ, ಅಳತಿ ಬುಕ್ಕಿನ ಹಿಂದಿನ ಹಾಳಿಮ್ಯಾಲೆ:
ದೀಪಾವಳಿ ಸೀಜನ್ ಮುಗೀಲಿ, ಆಮ್ಯಾಲೆ ಕಾಲು ಕಿಲೋ ಕಳಸ್ರಿ.
ಬ್ಯಾಡಾದ್ದು ಕಳಸ್ರಿ, ಬೇಕಾದ್ದು ಬರೀರಿ.
ತೊಳದು ಒಣಗಿಸ್ರಿ.
ಸೀಳಿದ್ದು, ಕಡದದ್ದು ಹಾಕಬ್ಯಾಡ್ರಿ.

ಕತ್ತರಿ ಹಾಕೂ ಮೇಜಿನ ಮ್ಯಾಲೆ ಸೀಮಿಸುಣ್ಣದ ಗೆರಿ ಎಳದು
ಐದು ಪಾಲು ಮಾಡಿದೆ, ಎರಡು ರಾತ್ರಿ.
ಒಂದೊಂದು ಪಾರ್ಸಲಿಗೆ ಒಂದೊಂದು ಉಳಿಕಿ ಚೂರು ಹೊಲದೆ.
ಗಡಹಿಂಗ್ಲಜಕ್ಕ ಹೋದದ್ದು
ಪಾಟೀಲರ ಸೊಸಿಯ ಜರತಾರಿ.

ಉರುಕುಂದಪ್ಪನ ಡಬ್ಬಿಯಾಗ ಹಳದಿ ಒಂದು, ಎಂಟು ಗುಂಡೀದು,
ಮೂಲಿಗೆ ಹಲ್ಲಿನ ಗುರುತು. ನಾಕು. ಹಾಲಹಲ್ಲು.
ನೋಡಿದೆ. ನೋಡಿಲ್ಲ ಅನ್ನೂದಿಲ್ಲ.
ಆದರ ತಿಮ್ಮರಾಯಪ್ಪ ಮೂವತ್ತು ಹಳದಿ ಕೇಳಿದ್ದ,
ನನ್ನ ಕಡೆ ಇಪ್ಪತ್ತೊಂಬತ್ತಿತ್ತು.
ಹಾಕಿಬಿಟ್ಟೆ.

ಹನ್ನೆರಡು ದಿನಕ್ಕ ಕಾಗದ ಬಂತು, ಖಾತೆ ಬರಿಯೂ ಓರೆ ಅಕ್ಷರ:
ಹಳದಿಯದು ಒಂದು ತಪ್ಪಿ ಬಂದಿದೆ.
ತಿರುಗಿ ಕಳಿಸಬೇಕು.
ಬದಲಿಗೆ ನೂರು ಕೊಡುವೆ. ಟಪಾಲು ಖರ್ಚು ನನ್ನದು.
ಯಾರ ಹಲ್ಲು, ಬರದಿರಲಿಲ್ಲ.
ನಾನೂ ಕೇಳಲಿಲ್ಲ.
ಟೇಪು ಹಿಡದು ಮೈ ಅಳಿಯಾಕಿಗೆ
ಯಾವ ಅಂಕಿ ಬಾಯಿಂದ ಅನಬಾರದು ಗೊತ್ತಿರತೈತಿ.

ಹೊಸೂರಿಗೆ ಫೋನ್ ಹಚ್ಚಿದೆ.
ಅಯ್ಯೋ ಅಕ್ಕಾ, ಅಂದ ತಿಮ್ಮರಾಯಪ್ಪ,
ಅದು ಗಡಿಯಾರದ ಗೋಪುರಕ್ಕೆ ಹೋಗ್ಬಿಟ್ಟಿದೆ,
ತಳದಿಂದ ಮೂರನೇ ವರಸೆ,
ಮೇಲೆ ಹದಿನೇಳು ಕೂತಿವೆ ನೋಡಿ.
ಸುಮ್ಮನಾದ.
ಫೋನ್ ಎಲ್ಲೋ ಇಟ್ಟ ಸಪ್ಪಳ.
ಆಮ್ಯಾಲೆ ಟಿಚ್.
ಸ್ವಲ್ಪ ತಡದು ಟಿಚ್.
ಮಶೀನಿನ ಮ್ಯಾಲಿಂದ ಕಾಲು ತಗದು
ನಾ ಎಣಸಕೋತ ಕುಂತೆ.

ಕಡ್ಡಿಪೆಟ್ಟಿಗಿಯಾಗ ಬಂತು ಅದು, ಜೊತಿಗೆ ಒಂದು ಫೋಟೋ:
ಗೋಪುರ ಮತ್ತ ಎದ್ದೈತಿ,
ಮೂರನೇ ವರಸಿಯಾಗ ಒಂದು ಪೋಕಳಿ.
ಹಿಂದ ಬರದಾನ:
ಹಾಗೇ ಬಿಟ್ಟಿದೀನಿ ಅಕ್ಕಾ. ಹೇಗೋ ನಿಂತಿದೆ.

ಭುಜದ ಪ್ಯಾಡಿನ ಹತ್ತಿ ಸುತ್ತಿ
ಅಂಗೈಯಷ್ಟು ಚೀಲ ಹೊಲದೆ,
ಒಳಹೊಲಿಗಿ, ಎರಡು ಸುತ್ತು.
ಆದವಾನಿ ಅಂತ ಮೂರು ಲಿಪಿಯಾಗ ಬರಸಿದೆ,
ಎಲ್ಲೂ ಸಿಕ್ಕಿ ಬೀಳಬಾರದು.

ತಕ್ಕಡಿಯಾಂವ ಕಿವಿಗೆ ಹಿಡದು ಅಲ್ಲಾಡಿಸಿದ.
ಇವತ್ತೇನು ಬಾಯಿ, ಖಾಲಿ?
ತೂಗು, ಅಂದೆ.
ಹನ್ನೊಂದು ಗ್ರಾಮು.
ಸಾದಾ ಟಪಾಲಿಗೇ ಹೋಗತೈತಿ, ಅಂದ.
ರಜಿಸ್ಟರ್ ಮಾಡು, ಅಂದೆ.