ಎಪ್ಪತ್ತೊಂದನೆಯವಳು

ಹೆಸರು ಕೇಳುವಂತಿಲ್ಲ, ನಂಬರು ಮಾತ್ರ.
ಆದರೂ ಇಷ್ಟು ಗೊತ್ತು: ನರ್ಸಿಂಗ್ ಎರಡನೇ ವರ್ಷ,
ಹಾಸ್ಟೆಲಿನ ಮೂರನೇ ಮಹಡಿ,
ಹಾರ್ಮಟಾನ್ ಗಾಳಿಗೆ ಬಿರಿದ ತುಟಿಗೆ
ಶಿಯಾ ಬೆಣ್ಣೆ ಸವರಿಕೊಂಡು ಬಂದಿದ್ದಳು.

ನಾಲ್ಕು ಹತ್ತಿಕಡ್ಡಿ.
ನಾಲಿಗೆಯದೊಂದು, ಉಗುರಸಂದಿನದೊಂದು,
ತೊಡೆಸಂದಿನದು.
ನಾಲ್ಕನೆಯದನ್ನು ಪರದೆಯ ಹಿಂದೆ ತಾನೇ ತೆಗೆದು
ಕೈ ಮಾತ್ರ ಹೊರಗೆ ಚಾಚಿದಳು,
ಬಸ್ಸಿನ ಕಿಟಕಿಯಿಂದ ಚಿಲ್ಲರೆ ಕೊಡುವವರ ಹಾಗೆ.

ಎರಡು ರಾತ್ರಿ ಮೈಬಿಸಿಯಷ್ಟೇ ಬಿಸಿಯ ಪೆಟ್ಟಿಗೆಯಲ್ಲಿ.
ನಡುವೆ ಕರೆಂಟು ಹೋಯಿತು, ಜನರೇಟರು ಕೆಮ್ಮಿತು,
ಕುಮಾಸಿಯಲ್ಲಿ ಇದು ದಿನದ ಮಾತು.
ತಟ್ಟೆಗಳನ್ನು ಬೆಳಕಿಗೆ ಹಿಡಿದರೆ
ಬಾಳೆಸುಳಿಯ ಹಸಿರು, ಚುಕ್ಕೆ ಚುಕ್ಕೆ:
ನಾಲಿಗೆಯಲ್ಲಿ, ತೊಡೆಸಂದಿನಲ್ಲಿ,
ಪರದೆಯ ಹಿಂದಿನದರಲ್ಲೂ ಅದೇ.
ಉಗುರಿನ ತಟ್ಟೆಯಲ್ಲಿ ಮಾತ್ರ ಬೇರೆ ಕುಲ,
ಮಾಸಲು ಬಿಳಿ, ಯಾರ ಗೊಡವೆಗೂ ಹೋಗದ್ದು.

ತೊಂದರೆ ಏನಾದರೂ? ಎಂಬ ಸಾಲಿನೆದುರು
"ಇಲ್ಲ" ಎಂದು ಬರೆದು
ಅದರಡಿ ಎರಡು ಗೆರೆ ಎಳೆದಿದ್ದಳು.

ಫಲಿತಾಂಶದ ದಿನ ಕೇಳಿದ್ದು ಒಂದೇ ಮಾತು:
"ಯಾರಿಂದ ಬಂತು?"

ಆ ಪ್ರಶ್ನೆಯ ಬೆನ್ನಿಗೆ ಯಾರೋ ನಿಂತಿರುತ್ತಾರೆ.
ಅವಳದರ ಬೆನ್ನಿಗೆ ಚಿಕ್ಕಮ್ಮ,
ಒಳಬಟ್ಟೆಗಳನ್ನು ಬಿಸಿಲಿಗೆ ತಿರುವಿ ನೋಡುವವಳು,
ನಿಂಬೆರಸ, ಡೆಟಾಲು, ದಿನಕ್ಕೆ ಮೂರು ಬಾರಿ.
ಸರಿಯಾಗಿ ತೊಳೆದುಕೊಂಡವಳಲ್ಲಿ ಏನೂ ಇರುವುದಿಲ್ಲವಂತೆ.

"ಯಾರಿಂದಲೋ, ಯಾವಾಗಲೋ.
ನೀನು ತೊಟ್ಟಿಲಲ್ಲಿದ್ದಾಗಲೇ ಒಕ್ಕಲು ಬಂದಿದ್ದೀತು.
ಬಾಡಿಗೆ ಕೊಟ್ಟಿಲ್ಲ, ಗೋಡೆಯನ್ನೂ ಕೆಡವಿಲ್ಲ.
ಆ ಡೆಟಾಲು ಬಿಡು,
ಅದು ಒಳ್ಳೆಯ ನೆರೆಯವರನ್ನೇ ಮೊದಲು ಓಡಿಸುತ್ತದೆ."
ಅವಳು ನಗಲಿಲ್ಲ.
ಹೇಳಿದ್ದು ಯಾವುದೂ ಫಾರಮ್ಮಿನಲ್ಲಿ ಇರಲಿಲ್ಲ.

ಸಂಜೆ ಅಮ್ಮ ಕೆಂಕೆಯ ಹಿಟ್ಟಿನ ಮೇಲಿಂದ
ಒದ್ದೆಬಟ್ಟೆ ಸರಿಸಿದಳು. ಮೂರು ದಿನದ ಜೋಳ.
ಬಗ್ಗಿ ಮೂಸಿ, "ಬಂದಿದೆ" ಅಂದಳು
ಬಸುರಿಯ ಹೊಟ್ಟೆ ಮುಟ್ಟಿ ಹೇಳುವ ಸೂಲಗಿತ್ತಿಯಂತೆ.
ಮೊಣಕೈವರೆಗೂ ಕೈ ಇಳಿಸಿದಳು.
ಅದೇ ವಾಸನೆ. ನನ್ನ ಪೆಟ್ಟಿಗೆ ತೆರೆದಾಗಿನದು.
ಇಪ್ಪತ್ತಾರು ವರ್ಷ ಉಣಿಸಿದ ಕೈಗೆ
ಅದನ್ನು ಹೇಗೆ ಹೇಳಲಿ? ಹೇಳಲಿಲ್ಲ.

ಸೋಮವಾರ ಬಾಗಿಲಲ್ಲಿ ಗುಸುಗುಸು.
ಎಪ್ಪತ್ತೊಂದನೆಯವಳು ಮತ್ತೆ,
ಹಿಂದೆ ರೂಮಿನ ಗೆಳತಿ, ಕಾರಿಡಾರಿನ ಇನ್ನಿಬ್ಬರು.
"ನಾಲಿಗೆಯಿಂದ ಶುರು ಮಾಡ್ತಾರೆ, ಅದಕ್ಕೇನು ನಾಚಿಕೆ,
ಬಾರೇ ಅಚಿಯಾ," ಎಂದು ಮುಂದೆ ನೂಕಿದಳು.

ಆ ಹೆಸರು ನನಗೆ ಕೇಳಿಸಲಿಲ್ಲ.
ಎಪ್ಪತ್ತೆರಡು ಎಂದು ಬರೆದುಕೊಂಡೆ.