ಉಕ್ತಲೇಖನ

ಶನಿವಾರ ಹತ್ತು ಗಂಟೆ. ಬ್ಯಾಲರಾಟ್‌ನ ಚರ್ಚಿನ ಹಿಂದಿನ ಕೋಣೆ,
ಹೀಟರಿಗೆ ಬೆನ್ನು ಕೊಟ್ಟು ಕೂತ ಹನ್ನೊಂದು ಮಕ್ಕಳು.
ನಾನು ಹೇಳಿದೆ, ಅವರು ಬರೆದರು:
ಹಸು. ಸೊಸೆ. ಸಾಸಿವೆ. ಬಿಸಿಲು.

ಮನೆಗೆ ತಂದು ಕೆಂಪು ಪೆನ್ನು ಹಿಡಿದು ನೋಡಿದರೆ
ಹಶು. ಶೊಶೆ. ಶಾಶಿವೆ. ಬಿಶಿಲು.
ಒಬ್ಬರದಲ್ಲ, ಹನ್ನೊಂದೂ ಪುಸ್ತಕ.
ಮೊದಲು ಬಂದದ್ದು ಸಿಟ್ಟು:
ಒಬ್ಬರದನ್ನೊಬ್ಬರು ನೋಡಿ ಬರೆದಿವೆ, ಕಳ್ಳ ಮುಂಡೇವು.
ಏಳನೆಯ ಪುಸ್ತಕಕ್ಕೆ ಕೈ ನಿಂತಿತು.
ಅಡುಗೆಮನೆಯಲ್ಲಿ ಒಬ್ಬಳೇ, ಗೋಡೆಗೆ, ಜೋರಾಗಿ ಹೇಳಿದೆ:
ಸಾಸಿವೆ.
ಕುಕ್ಕರು ಸಿಳ್ಳೆಗೆ ಮುಂಚೆ ಸುಯ್ಯೆನ್ನುವುದಲ್ಲ, ಹಾಗೆ ಬಂತು.
ಮಕ್ಕಳು ಕೇಳಿದ್ದನ್ನೇ ಬರೆದಿದ್ದರು.

ಹತ್ತು ಹಲ್ಲು, ಎರಡೇ ಭೇಟಿ, ಜೂನ್ ಮುಗಿಯುವವರೆಗೆ ಅರ್ಧ ಬೆಲೆ.
ಮೆಲ್ಬರ್ನಿನ ಮಾಲ್‌ನಲ್ಲಿ, ಉಗುರುಬಣ್ಣದ ಅಂಗಡಿಗೂ
ಫೋನ್ ಕವರಿನ ಅಂಗಡಿಗೂ ನಡುವೆ.
ನನ್ನವು ಮುಂಡರಗಿ ಕಡೆಯ ಹಲ್ಲು,
ಬೋರ್‌ವೆಲ್ ನೀರು ಕುಡಿದು ಕಂದು ಗೆರೆ ಬಿದ್ದವು.
"ನಗೂಮುಂದ ಕೈ ಅಡ್ಡ ಹಿಡಿ" ಅನ್ನುತ್ತಿದ್ದಳು ಅವ್ವ,
ತಾನೂ ಹಿಡಿದುಕೊಂಡೇ ಅನ್ನುತ್ತಿದ್ದಳು.
ಐವತ್ತೊಂದರ ತನಕ ಹಿಡಿದೆ. ಕೈ ಸೋತಿತ್ತು.

ಮುಂಚೆಯೇ ತಿಳಿಯಬೇಕಿತ್ತು.
ಸಂದಿಗೆ ಹಾಕಿದ ದಾರ ಜೂಲು ಜೂಲಾಗಿ ಬರುತ್ತಿತ್ತು.
ಒಸಡಿನ ಅಂಚು ನೇರಳೆಹಣ್ಣು ತಿಂದ ಬಣ್ಣ.
ಫೋಟೋದಲ್ಲಿ ನನಗಿಂತ ಮೊದಲು ಹಲ್ಲು ಬಂದು ಕೂತಿರುತ್ತಿದ್ದವು,
ಬಚ್ಚಲಮನೆಯ ಟೈಲ್ಸಿನ ಹಾಗೆ, ಒಂದೇ ಅಳತೆ, ಒಂದೇ ಬಿಳುಪು.
ನಾಲಗೆಯ ತುದಿ ತನ್ನ ಜಾಗ ಹುಡುಕುತ್ತಲೇ ಇತ್ತು:
ತ ಥ ದ ಧ ನ,
ಐದು ಅಕ್ಷರ, ಬಾಡಿಗೆ ಮನೆ ಬಿಡಿಸಿದ ಸಂಸಾರ.
"ಚೆನ್ನಾಗಿವೆ" ಅಂದರು ಎಲ್ಲರೂ,
ಯಾರೂ ಬಾಯಿಯ ಕಡೆ ನೋಡಲಿಲ್ಲ.

ಡಾಕ್ಟರ್ ಮೊರ್ವೆನಾ ಟ್ರೆವರೋ ನೋಡಿದಳು.
ಅವಳ ಮುತ್ತಜ್ಜ ಈ ಊರಲ್ಲಿ ಚಿನ್ನ ಅಗೆಯಲು ಬಂದು
ಕೆಸರು ಅಗೆದು ಸತ್ತನಂತೆ. ಮೊನೆಯ ಕಡ್ಡಿ ಆಡಿಸುತ್ತ ಹೇಳಿದಳು:
"ಇವನ್ನು ಹಲ್ಲಿಗೆ ಕೂರಿಸಿಲ್ಲ, ಒಸಡಿನ ಮೇಲೆ ಕೂರಿಸಿದ್ದಾರೆ.
ಬೇರೆ ಮಾಡಿಕೊಡಬಲ್ಲೆ. ನಿನ್ನ ಹಳೆಯವನ್ನು ಕೊಡಲಾರೆ,
ಅವನ್ನು ಉಜ್ಜಿಬಿಟ್ಟಿದ್ದಾರೆ."
ಇಡೀ ವರ್ಷದಲ್ಲಿ ನನ್ನ ಬಾಯಿಯ ಬಗ್ಗೆ
ಯಾರಾದರೂ ಆಡಿದ ಮೊದಲ ನಿಜ.

ಕೊರೆದು ತೆಗೆದಳು. ಸುಣ್ಣದ ಧೂಳು.
ಕನ್ನಡಿ ಕೇಳಿ ಇಸಕೊಂಡೆ, ಕೇಳಬಾರದಿತ್ತು:
ಇಲಿ ಕಡಿದ ಕೊಬ್ಬರಿಯಂಥ ಹತ್ತು ಮೋಟು.
ಅವಳು ದೀಪವನ್ನು ಸ್ವಲ್ಪ ಆಚೆ ಸರಿಸಿ
ಕಿಟಕಿಯ ಕಡೆ ತಿರುಗಿ ಏನೋ ಬರೆಯುತ್ತ ನಿಂತಳು.

ಆರು ವಾರ ತಾತ್ಕಾಲಿಕ ಹಲ್ಲು. ಒಸಡು ತಣ್ಣಗಾಯಿತು.
"ಫಿಫ್ಟಿ ಫೈವ್ ಅನ್ನು. ಸಿಕ್ಸ್ಟಿ ಸಿಕ್ಸ್ ಅನ್ನು."
ಅಂದೆ. ಸರಿಯಾಗಿದೆ ಅಂದಳು.
ಸರಿಯಿಲ್ಲ ಅಂದೆ.
"ಹಾಗಾದರೆ ನಿನ್ನ ಭಾಷೆಯಲ್ಲಿ."
ಸಾಸಿವೆ.
ತೆಗೆದಳು, ಒಂದಿಷ್ಟು. ಮತ್ತೆ ಸಾಸಿವೆ. ಮತ್ತೆ.
ಕೊನೆಗೆ ತೆಗೆದದ್ದು ಸಾಸಿವೆಯಷ್ಟೂ ಇರಲಿಲ್ಲ.
ಆಮೇಲೆ ತ ಥ ದ ಧ ನ, ಮಾಸ್ಕಿನೊಳಗೆ ಅವಳೂ ಹೇಳಿದಳು.
ಅವಳ ತ ಕೊನೆಯವರೆಗೂ ಟ ಆಗಿಯೇ ಉಳಿಯಿತು.

ಬಿಳುಪಿನ ಹದಿನಾರು ಮಾದರಿ ಮುಂದಿಟ್ಟಾಗ
ಹಾಲಿನದಲ್ಲ, ಅಕ್ಕಿಯದು ಆರಿಸಿದೆ.
ಎಡಗಡೆಯ ಕೋರೆಹಲ್ಲಿಗೆ ಒಂದು ಕಂದು ಗೆರೆ ಎಳೆಯಿರಿ ಅಂದೆ.
"ಖಂಡಿತ?" ಅಂದಳು.
ತೆಳ್ಳಗೆ, ಅಂದೆ.

ಹನ್ನೊಂದು ಮಕ್ಕಳಿಗೂ ತಪ್ಪು ನನ್ನದೆಂದು ಹೇಳಿ
ಆರು ಪುಸ್ತಕಗಳ ಕೆಂಪನ್ನು ನೀಲಿಯಲ್ಲಿ ಹೊಡೆದುಹಾಕಿದೆ.
ಮತ್ತೆ ಉಕ್ತಲೇಖನ. ಹತ್ತು ಪುಸ್ತಕ ಸರಿ.
ಓಜಸ್ ಮಾತ್ರ ಹಶು ಅಂತಲೇ ಬರೆದಿದ್ದ.
ಯಾಕೋ?
"ಹಳೇ ಮಿಸ್ ಹಾಗೇ ಹೇಳ್ತಿದ್ರು."

ನಕ್ಕುಬಿಟ್ಟೆ.
ಕೈ ಅರ್ಧಕ್ಕೆ ಎದ್ದಿತ್ತು, ಅದರಲ್ಲಿ ಚಾಕ್‌ಪೀಸಿತ್ತು.